ಓರೆ ಅಂಗಳಕ್ಕೆ ಆರು ಅಳತೆ

ನಮ್ಮ ಮನೆ ಶಿರಸಿಯಿಂದ ಬನವಾಸಿಗೆ ಹೋಗುವ ರಸ್ತೆಯಿಂದ ಸ್ವಲ್ಪ ಒಳಗಿದೆ. ಮನೆ ಎದುರಿನ ಅಂಗಳದಲ್ಲೇ ಚಾಲಿ, ಅಂದರೆ ಹಣ್ಣಡಿಕೆ, ಒಣಗಿಸುತ್ತೇವೆ. ಪ್ರತಿ ವರ್ಷ ಮಳೆ ಬಿಟ್ಟ ಮೇಲೆ ಅಂಗಳ ಕೆತ್ತಬೇಕು, ಬಡಿಯಬೇಕು, ಸಗಣಿ ಸಾರಿಸಬೇಕು. ಈಗ ಅದಕ್ಕೆ ಜನ ಸಿಗುವುದಿಲ್ಲ. ಆಯಿಗೂ ಕೂತು ಸಾರಿಸಲು ಆಗುವುದಿಲ್ಲ. ಚಾಲಿಗೆ ನಲವತ್ತು ದಿನದ ಆಸುಪಾಸು ಬಿಸಿಲು ಬೇಕು. ಅಂಗಳ ತಡವಾದರೆ ಎಲ್ಲವೂ ತಡ. ಹಾಗಾಗಿ ಈ ಸಲ ಕಾಂಕ್ರೀಟ್ ಹಾಕಿಸಿಬಿಡೋಣ ಎಂದು ತೀರ್ಮಾನ ಮಾಡಿದೆವು.

ಕಾಂಕ್ರೀಟ್ ಹಾಕುವುದು ದೊಡ್ಡ ಸಂಗತಿಯಲ್ಲ. ಎಷ್ಟು ಹಾಕಬೇಕು ಎಂಬ ಲೆಕ್ಕದಲ್ಲಿ ನಾನು ಮೂರು ದಿನ ಕಳೆದೆ. ಆ ಮೂರು ದಿನದ್ದೇ ಇಲ್ಲಿ ಜಾಸ್ತಿ ಬರೆದಿದ್ದೇನೆ. ನಮ್ಮ ಕಡೆ ಚೌಕಾಕಾರದ ಅಂಗಳ ಎಷ್ಟು ಮನೆಗಿದೆ ಹೇಳಿ? ಗುಡ್ಡ ಕಡಿದು ಮಾಡಿದ ಜಾಗ. ಧರೆ, ಅಂದರೆ ಗುಡ್ಡ ಕಡಿದ ಅಂಚು, ಹೇಗೆ ತಿರುಗಿದೆಯೋ ಅಂಗಳವೂ ಹಾಗೇ ತಿರುಗಿರುತ್ತದೆ.

ನಮ್ಮದಕ್ಕೆ ನಾಲ್ಕು ಮೂಲೆ. ಹೆಸರಿಟ್ಟುಕೊಂಡರೆ ಲೆಕ್ಕ ಸುಲಭ. ಮನೆಗೆ ತಾಗಿದ ಬದಿಯ ಒಂದು ತುದಿ ತುಳಸಿ ಮೂಲೆ, ಇನ್ನೊಂದು ತುದಿ ಕೊಟ್ಟಿಗೆ ಮೂಲೆ. ಕೊಟ್ಟಿಗೆಯ ಉದ್ದಕ್ಕೂ ಹಿಂದೆ ಹೋದರೆ ಹಲಸಿನ ಮೂಲೆ. ಅಲ್ಲಿಂದ ಧರೆಗೆ ಕಟ್ಟಿದ ಕಲ್ಲಿನ ಗೋಡೆ ಹಿಡಿದು ಹೋದರೆ ಬಾವಿ ಮೂಲೆ. ಬಾವಿಯಿಂದ ವಾಪಸ್ ತುಳಸಿಗೆ ಬಂದರೆ ಒಂದು ಸುತ್ತು.

ಮೊದಲ ದಿನ

ಮೇಸ್ತ್ರಿ ಬಂದು ತಮ್ಮ ಟೇಪಿನಲ್ಲಿ ನಾಲ್ಕೂ ಬದಿ ಅಳೆದರು. ಅರ್ಧ ಅಡಿಯ ಲೆಕ್ಕಕ್ಕೆ ತಂದು ಸಿಮೆಂಟ್ ಚೀಲದ ಕಾಗದದ ಮೇಲೆ ಬರೆದರು. ಮನೆ ಬದಿ 40, ಕೊಟ್ಟಿಗೆ ಬದಿ 31½, ಧರೆ ಬದಿ 44½, ಬಾವಿ ಬದಿ 37. ಎದುರು ಬದುರು ಇರುವ ಎರಡನ್ನು ಕೂಡಿಸಿ ಅರ್ಧ ಮಾಡಿದರು. 42¼ ಬಂತು. ಉಳಿದ ಎರಡಕ್ಕೂ ಹಾಗೇ ಮಾಡಿದರು. 34¼ ಬಂತು. ಗುಣಿಸಿದರೆ 1447 ಚದರ ಅಡಿ.

"ಸಾವಿರದ ನಾನೂರ ಐವತ್ತು ಅಂತ ಇಟ್ಕೊಳ್ಳಿ ಹೆಗಡೇರೆ" ಎಂದರು.

ಅವರು ಮೋಸ ಮಾಡುವವರಲ್ಲ. ನಮ್ಮ ಕೊಟ್ಟಿಗೆಯನ್ನು ಕಟ್ಟಿದ್ದೂ ಅವರೇ. ಅವರ ಗುರುಗಳು ಕಲಿಸಿದ ಲೆಕ್ಕ ಇದು. ಆದರೂ ನನಗೆ ಸಮಾಧಾನ ಆಗಲಿಲ್ಲ. ಬಾವಿ ಮೂಲೆಯಲ್ಲಿ ನಿಂತು ನೋಡಿದರೆ ಅಂಗಳ ಒಂದು ಪಕ್ಕಕ್ಕೆ ವಾಲಿದ ಹಾಗೆ ಕಾಣುತ್ತದೆ. ಆ ವಾಲು ಈ ಲೆಕ್ಕದಲ್ಲಿ ಎಲ್ಲಿ ಬಂತು?

ಸಂಜೆ ಚಪ್ಪರದ ಹಳೆ ಅಡಿಕೆ ದಬ್ಬೆ (ಅಡಿಕೆ ಮರ ಸೀಳಿದ ಪಟ್ಟಿ) ನಾಲ್ಕು ತೆಗೆದುಕೊಂಡೆ. ನಾಲ್ಕು ಅಡಿಯದು ಎರಡು, ಮೂರು ಅಡಿಯದು ಎರಡು. ತುದಿಗಳಿಗೆ ಒಂದೊಂದೇ ಮೊಳೆ ಹೊಡೆದು ಚೌಕಟ್ಟು ಮಾಡಿದೆ. ನೆಟ್ಟಗೆ ಇಟ್ಟರೆ ಒಳಗಿನ ಜಾಗ 12 ಚದರ ಅಡಿ. ಒಂದು ಮೂಲೆ ಹಿಡಿದು ಪಕ್ಕಕ್ಕೆ ತಳ್ಳಿದೆ. ದಬ್ಬೆಗಳ ಉದ್ದ ಬದಲಾಗಲಿಲ್ಲ, ಚೌಕಟ್ಟು ಮಾತ್ರ ಓರೆಯಾಯಿತು. ಎತ್ತರ ಎರಡೂವರೆ ಅಡಿಗೆ ಇಳಿಯಿತು. ಈಗ ಒಳಗೆ 10 ಚದರ ಅಡಿ. ಇನ್ನೂ ತಳ್ಳಿದರೆ ಎಂಟು, ಐದು, ಕೊನೆಗೆ ದಬ್ಬೆಗಳು ಒಂದಕ್ಕೊಂದು ಅಂಟಿ ಒಳಗೆ ಜಾಗವೇ ಇಲ್ಲ. ಮೇಸ್ತ್ರಿಯವರ ಲೆಕ್ಕದಲ್ಲಿ ಮಾತ್ರ ಎಲ್ಲಾ ಸಲವೂ ನಾಲ್ಕು ಮೂರಲ 12.

ಆಮೇಲೆ ಮೂರೇ ದಬ್ಬೆ ಸೇರಿಸಿ ತ್ರಿಕೋನ ಮಾಡಿದೆ. ಮೂಲೆಗೆ ಒಂದೇ ಮೊಳೆ ಇದ್ದರೂ ಅದು ಅಲ್ಲಾಡಲಿಲ್ಲ. ಮೂರು ಬದಿ ಗೊತ್ತಾದರೆ ತ್ರಿಕೋನ ಒಂದೇ ರೀತಿ ಕೂರುತ್ತದೆ. ಹಾಗಾಗಿ ಅದರ ವಿಸ್ತೀರ್ಣವೂ ಒಂದೇ. ನಾಲ್ಕು ಬದಿ ಗೊತ್ತಾದರೆ ಸಾಲದು, ಮೂಲೆಯಿಂದ ಎದುರು ಮೂಲೆಗೆ ಒಂದು ಕರ್ಣವೂ ಬೇಕು. ಆ ಕರ್ಣ ಅಂಗಳವನ್ನು ಎರಡು ತ್ರಿಕೋನ ಮಾಡುತ್ತದೆ.

ಮಗಳು ಒಂಬತ್ತನೇ ತರಗತಿ. ಅವಳ ಗಣಿತದ ಪುಸ್ತಕದಲ್ಲಿ ಹೆರಾನ್‌ನ ಸೂತ್ರ ಇದೆ. ಮೂರು ಬದಿ ಕೂಡಿಸಿ ಅರ್ಧ ಮಾಡು. ಆ ಅರ್ಧದಿಂದ ಒಂದೊಂದೇ ಬದಿ ಕಳೆ. ಸಿಕ್ಕ ಮೂರನ್ನೂ, ಆ ಅರ್ಧವನ್ನೂ ಗುಣಿಸು. ವರ್ಗಮೂಲ ತೆಗೆ. ಅಷ್ಟೇ. ಎತ್ತರ ಬೇಡ, ಕೋನ ಬೇಡ. ಟೇಪ್ ಒಂದಿದ್ದರೆ ಸಾಕು. ಅಂಗಳದಲ್ಲಿ ನೆಟ್ಟಗೆ ಲಂಬ ಎಳೆಯುವುದು ಎಷ್ಟು ಕಷ್ಟ ಎಂದು ಮಾಡಿ ನೋಡಿದವರಿಗೆ ಗೊತ್ತು. ಹಾಗಾಗಿ ಈ ಸೂತ್ರ ನನಗೆ ಬಹಳ ಇಷ್ಟವಾಯಿತು.

ಹೆರಾನ್ ಇದ್ದದ್ದು ಈಜಿಪ್ಟಿನ ಅಲೆಕ್ಸಾಂಡ್ರಿಯಾದಲ್ಲಿ, ಒಂದನೇ ಶತಮಾನದಲ್ಲಿ. ನಮ್ಮಲ್ಲಿ ಬ್ರಹ್ಮಗುಪ್ತ 628ರಲ್ಲಿ ಎರಡು ಲೆಕ್ಕವನ್ನೂ ಒಟ್ಟಿಗೇ ಹೇಳಿದ್ದಾನೆ. ಎದುರು ಬದಿಗಳನ್ನು ಕೂಡಿಸಿ ಅರ್ಧ ಮಾಡಿ ಗುಣಿಸಿದರೆ ಬರುವುದು ಸ್ಥೂಲ ಫಲ. ಅರ್ಧ ಸುತ್ತಳತೆಯಿಂದ ಬದಿಗಳನ್ನು ಕಳೆದು, ಗುಣಿಸಿ, ಮೂಲ ತೆಗೆದರೆ ಬರುವುದು ಸೂಕ್ಷ್ಮ ಫಲ. ಮೇಸ್ತ್ರಿಯವರ ಕಾಗದದಲ್ಲಿದ್ದದ್ದು ಆ ಸ್ಥೂಲ ಫಲವೇ. ಒಂಬತ್ತನೇ ಶತಮಾನದಲ್ಲಿ ಮಹಾವೀರಾಚಾರ್ಯನೂ ಎರಡನ್ನೂ ಹೇಳುತ್ತಾನೆ. ಮೊದಲನೆಯದನ್ನು ವ್ಯಾವಹಾರಿಕ ಎನ್ನುತ್ತಾನೆ. ಅವನು ಅಮೋಘವರ್ಷ ನೃಪತುಂಗನ ಕಾಲದವನು. ಆಗ ನಮ್ಮ ಬನವಾಸಿಯೂ ಅದೇ ರಾಜ್ಯದಲ್ಲಿತ್ತು. ಹನ್ನೊಂದು ನೂರು ವರ್ಷದ ಹಿಂದಿನ ಲೆಕ್ಕ ನಮ್ಮ ಅಂಗಳದಲ್ಲಿ ಸಿಮೆಂಟ್ ಚೀಲದ ಕಾಗದದ ಮೇಲೆ ಸಿಕ್ಕಿತಲ್ಲ ಎಂದು ಖುಷಿಯಾಯಿತು.

ಎರಡನೇ ದಿನ

ಭಾನುವಾರ. ಮಗಳು ಮತ್ತು ನಾನು ಅಳೆಯಲು ಇಳಿದೆವು. ಕರ್ಣ ಅರವತ್ತು ಅಡಿ ದಾಟುತ್ತದೆ. ಅದಕ್ಕೆ ಮನೆಯಲ್ಲಿದ್ದ ನೂರು ಅಡಿಯ ಬಟ್ಟೆ ಟೇಪ್ ಬೇಕಾಯಿತು. ಹಳೆಯದು. ತುದಿಯ ಉಂಗುರ ಹರಿದು ಮೊದಲ ಅಡಿಯೇ ಇಲ್ಲ. ಒಂದು ಅಡಿಯ ಗುರುತನ್ನು ಮೂಲೆಗೆ ಹಿಡಿದು ಅಳೆದು, ಆಮೇಲೆ ಒಂದು ಕಳೆಯಬೇಕು. ಮೂಲೆಗೊಂದು ಗೂಟ ಹೊಡೆದು, ಗೂಟದ ತಲೆಗೆ ಮೊಳೆ ಹಾಕಿದೆವು. ಅಳತೆ ಮೊಳೆಯಿಂದ ಮೊಳೆಗೆ.

ಇಲ್ಲಿ ಒಂದು ಮಾತು. ಇಂಚನ್ನು ಹಾಗೇ ಚುಕ್ಕಿಯ ಮುಂದೆ ಬರೆಯಬೇಡಿ. 36 ಅಡಿ 9 ಇಂಚು ಎಂದರೆ 36.9 ಅಲ್ಲ, 36.75. ಇಂಚನ್ನು 12ರಿಂದ ಭಾಗಿಸಬೇಕು. 11 ಇಂಚು ಬಂದಾಗ .11 ಎಂದು ಬರೆದುಬಿಟ್ಟರೆ ಹತ್ತು ಇಂಚು ಮಾಯ.

ಮಗಳು ಮೊಬೈಲಿನಲ್ಲಿ ಒಂದು ಶೀಟ್ ಮಾಡಿದಳು. ಮೂರು ಬದಿಗೆ ಮೂರು ಕಾಲಂ, ಅರ್ಧ ಸುತ್ತಳತೆಗೆ ಒಂದು, ವಿಸ್ತೀರ್ಣಕ್ಕೆ ಒಂದು. ಮೊದಲು 3, 4, 5 ಹಾಕಿ ಪರೀಕ್ಷೆ ಮಾಡಿದಳು. ಕೂಡಿಸಿದರೆ 12, ಅರ್ಧ 6. ಕಳೆದರೆ 3, 2, 1. ಗುಣಿಸಿದರೆ 36. ಮೂಲ 6. ಮೂರು ನಾಲ್ಕಲ ಹನ್ನೆರಡರ ಅರ್ಧವೂ 6. ಶೀಟ್ ಸರಿ ಇದೆ ಎಂದಾಯಿತು.

ಎರಡು ಕರ್ಣವನ್ನೂ ಅಳೆದೆವು. ಒಂದೇ ಸಾಕಿತ್ತು. ಎರಡನೆಯದು ತಾಳೆ ನೋಡಲು. ತುಳಸಿ–ಹಲಸು ಕರ್ಣದಿಂದ ಅಂಗಳ ಎರಡು ತ್ರಿಕೋನ ಆಗುತ್ತದೆ. ಕೊಟ್ಟಿಗೆ–ಬಾವಿ ಕರ್ಣದಿಂದ ಬೇರೆ ಎರಡು ತ್ರಿಕೋನ. ಹೇಗೆ ಕತ್ತರಿಸಿದರೂ ಅಂಗಳ ಅದೇ, ಹಾಗಾಗಿ ಮೊತ್ತವೂ ಅದೇ ಬರಬೇಕು ಅಲ್ವಾ?

ಬರಲಿಲ್ಲ. ಮೊದಲ ಕರ್ಣದಲ್ಲಿ 1358.3. ಎರಡನೆಯದರಲ್ಲಿ 1340.7. ಹದಿನೇಳೂವರೆ ಚದರ ಅಡಿ ವ್ಯತ್ಯಾಸ. ಇಂಚು ಕಾಲು ಇಂಚಿನ ತಪ್ಪಿಗೆ ಇಷ್ಟು ಬರುವುದಿಲ್ಲ. ಎಲ್ಲೋ ದೊಡ್ಡದೇ ತಪ್ಪಿದೆ.

ಶೀಟನ್ನು ಮತ್ತೆ ನೋಡಿದೆವು. ಇಂಚಿನ ಭಾಗಾಕಾರ ನೋಡಿದೆವು. ಎಲ್ಲ ಸರಿ. ಆಗ ಮೇಸ್ತ್ರಿಯವರ ಕಾಗದ ನೆನಪಾಯಿತು. ಅವರ 31½ರ ಎದುರು ನಮ್ಮದು 32 ಅಡಿ 7½ ಇಂಚು. ಉಳಿದ ಮೂರು ಬದಿ ಕಾಲು ಅಡಿ ಹೆಚ್ಚುಕಮ್ಮಿಯಲ್ಲಿ ಹೊಂದುತ್ತವೆ. ಕೊಟ್ಟಿಗೆ ಬದಿ ಅಳೆಯುವಾಗ ಕರು ಟೇಪಿನ ಮೇಲೆ ನಿಂತಿತ್ತು. ಅದನ್ನು ಓಡಿಸುವ ಗಡಿಬಿಡಿಯಲ್ಲಿ ಒಂದು ಅಡಿ ಕಳೆಯುವುದು ಬಿಟ್ಟುಹೋಗಿತ್ತು. ಮತ್ತೆ ಅಳೆದೆವು. 31 ಅಡಿ 7½ ಇಂಚು.

ಈ ತಪ್ಪು ಒಂದೇ ಕರ್ಣ ಅಳೆದಿದ್ದರೆ ಗೊತ್ತೇ ಆಗುತ್ತಿರಲಿಲ್ಲ. 1358 ಎಂದು ನಂಬಿ ಕೂತಿರುತ್ತಿದ್ದೆವು. ಐದು ಅಳತೆಯಲ್ಲಿ ಉತ್ತರ ಸಿಗುತ್ತದೆ. ಆ ಉತ್ತರ ಸರಿಯೋ ಅಲ್ಲವೋ ಎಂದು ಹೇಳುವುದು ಆರನೆಯ ಅಳತೆ. ಎರಡು ನಿಮಿಷದ ಕೆಲಸ, ದಯವಿಟ್ಟು ಬಿಡಬೇಡಿ.

ಸರಿ ಮಾಡಿದ ಆರು ಅಳತೆ ಹೀಗೆ. ಮನೆ ಬದಿ 40 ಅಡಿ ಸರಿಯಾಗಿ. ಕೊಟ್ಟಿಗೆ ಬದಿ 31.625. ಧರೆ ಬದಿ 44 ಅಡಿ 8½ ಇಂಚು, ಅಂದರೆ 44.71. ಬಾವಿ ಬದಿ 36.75. ತುಳಸಿ–ಹಲಸು ಕರ್ಣ 63 ಅಡಿ 6½ ಇಂಚು, ಅಂದರೆ 63.54. ಕೊಟ್ಟಿಗೆ–ಬಾವಿ ಕರ್ಣ 42 ಅಡಿ 9½ ಇಂಚು, ಅಂದರೆ 42.79.

ಒಂದು ತ್ರಿಕೋನದ ಲೆಕ್ಕ ಪೂರ್ತಿ ಬರೆಯುತ್ತೇನೆ. ಬದಿಗಳು 40, 31.625, 63.54. ಕೂಡಿಸಿದರೆ 135.165, ಅರ್ಧ 67.5825. ಅದರಿಂದ ಬದಿಗಳನ್ನು ಕಳೆದರೆ 27.5825, 35.9575, 4.0425. ನಾಲ್ಕನ್ನೂ ಗುಣಿಸಿದರೆ ಸುಮಾರು 2,70,961. ವರ್ಗಮೂಲ 520.5. ಹಾಗೇ ಇನ್ನೊಂದು ತ್ರಿಕೋನ 803.4. ಒಟ್ಟು 1323.9.

ಇನ್ನೊಂದು ಕರ್ಣದಿಂದ 679.6 ಮತ್ತು 643.8. ಒಟ್ಟು 1323.4 ಅಥವಾ 1323.5. ಎರಡು ದಾರಿಯ ನಡುವೆ ಅರ್ಧ ಚದರ ಅಡಿಯೂ ವ್ಯತ್ಯಾಸ ಇಲ್ಲ. ಮಗಳು ಚಪ್ಪಾಳೆ ತಟ್ಟಿದಳು. ನನಗೂ ಹಾಗೇ ಆಗಿತ್ತು.

ಬ್ರಹ್ಮಗುಪ್ತನ ಸೂಕ್ಷ್ಮ ಲೆಕ್ಕವನ್ನು ನಾಲ್ಕು ಬದಿಗೇ ಹಾಕಿದರೆ ಏನು ಬರುತ್ತದೆ ಎಂದೂ ನೋಡಿದೆವು. 1442 ಬಂತು. ಸೂತ್ರ ತಪ್ಪಲ್ಲ. ನಾಲ್ಕು ಮೂಲೆಯೂ ಒಂದೇ ವೃತ್ತದ ಮೇಲೆ ಕೂರುವ ಆಕಾರಕ್ಕೆ ಅದು ಸರಿ. ಆ ನಾಲ್ಕು ಬದಿಗಳಿಂದ ಆಗಬಹುದಾದ ಅತಿ ದೊಡ್ಡ ಅಂಗಳ ಅದು. ನಮ್ಮದು ವಾಲಿದ ಅಂಗಳ, ಆ ವೃತ್ತಕ್ಕೆ ಕೂರುವುದಿಲ್ಲ. 1150ರಲ್ಲಿ ಭಾಸ್ಕರಾಚಾರ್ಯ ಇದನ್ನೇ ಗಟ್ಟಿಯಾಗಿ ಹೇಳಿದ್ದಾನೆ. ಕರ್ಣವನ್ನೋ ಲಂಬವನ್ನೋ ಕೊಡದೆ ನಾಲ್ಕು ಬದಿಯ ಹೊಲದ ಕ್ಷೇತ್ರಫಲ ಕೇಳುವವನು ಪಿಶಾಚಿಯಂತೆ, ಅದಕ್ಕೆ ಉತ್ತರ ಕೊಡುವವನು ಇನ್ನೂ ದೊಡ್ಡ ಪಿಶಾಚಿಯಂತೆ. ಆಯಿಗೆ ಇದನ್ನು ಹೇಳಿದಾಗ ಬಹಳ ಹೊತ್ತು ನಕ್ಕರು.

ಮೂರನೇ ದಿನ, ಧರೆಯ ಬಳುಕು

ಒಂದು ತುಂಡು ಉಳಿದಿತ್ತು. ಧರೆಯ ಕಲ್ಲಿನ ಗೋಡೆ ನೆಟ್ಟಗಿಲ್ಲ. ಹಲಸಿನಿಂದ ಬಾವಿಗೆ ದಾರ ಕಟ್ಟಿದರೆ, ನಡುವೆ ಗೋಡೆ ಗುಡ್ಡದ ಕಡೆಗೆ ಬಳುಕಿದೆ. ಅಲ್ಲಿ ಅಂಗಳ ದಾರದಿಂದ ಆಚೆಗೂ ಇದೆ. ಅದೂ ಒಂದು ತ್ರಿಕೋನವೇ. ಹೆರಾನ್ ಇದ್ದಾನಲ್ಲ ಎಂದು ಮೂರು ಬದಿ ಅಳೆದೆವು. ದಾರ 44.71. ಗೋಡೆಯ ಒಂದು ತುಂಡು 22 ಅಡಿ 4½ ಇಂಚು, ಇನ್ನೊಂದು 22 ಅಡಿ 4¾ ಇಂಚು. ವಿಸ್ತೀರ್ಣ 26.1 ಬಂತು.

ತಾಳೆ ನೋಡಲು ಎರಡನೇ ತುಂಡನ್ನು ಮತ್ತೆ ಅಳೆದೆ. ಈ ಸಲ 22 ಅಡಿ 4¼. ಅರ್ಧ ಇಂಚು ಕಮ್ಮಿ. ಶೀಟಿಗೆ ಹಾಕಿದರೆ ವಿಸ್ತೀರ್ಣ 14.6. ಅರ್ಧ ಇಂಚಿಗೆ ಹತ್ತಿರ ಹತ್ತಿರ ಅರ್ಧ ತ್ರಿಕೋನವೇ ಹೋಯಿತು!

ಯಾಕೆ ಹೀಗೆ? ಗೋಡೆಯ ಎರಡು ತುಂಡು ಕೂಡಿಸಿದರೆ 44.77. ದಾರ 44.71. ವ್ಯತ್ಯಾಸ ಮುಕ್ಕಾಲು ಇಂಚು ಮಾತ್ರ. ಇಡೀ ಬಳುಕು ಆ ಮುಕ್ಕಾಲು ಇಂಚಿನಲ್ಲೇ ಅಡಗಿದೆ. ಅದರಲ್ಲಿ ಅರ್ಧ ಇಂಚು ತಪ್ಪಿದರೆ ಉಳಿಯುವುದು ಕಾಲು ಇಂಚು. ಟೇಪ್ ಸ್ವಲ್ಪ ಸಡಿಲ ಬಿಟ್ಟರೂ ಅಷ್ಟು ತಪ್ಪು ಆಗೇ ಆಗುತ್ತದೆ. ಲೆಕ್ಕ ಸರಿಯಿದ್ದರೂ ಉತ್ತರಕ್ಕೆ ಬೆಲೆ ಇಲ್ಲ.

ಇಂಥ ಚಪ್ಪಟೆ ತ್ರಿಕೋನಕ್ಕೆ ಹಳೆ ದಾರಿಯೇ ಒಳ್ಳೆಯದು. ದಾರದಿಂದ ಬಳುಕಿನ ತುದಿಗೆ ಪಟ್ಟಿ ಹಿಡಿದು ನೇರ ದೂರ ಅಳೆದೆ. 1 ಅಡಿ 2 ಇಂಚು. ಪಾದ ಗುಣಿಸು ಎತ್ತರ, ಅದರ ಅರ್ಧ. 26.1. ಇಲ್ಲಿ ಅರ್ಧ ಇಂಚು ತಪ್ಪಿದರೂ ಒಂದು ಚದರ ಅಡಿ ಮಾತ್ರ ಹೆಚ್ಚುಕಮ್ಮಿ. ದೊಡ್ಡ ಅಂಗಳಕ್ಕೆ ಹೆರಾನ್, ಸಪೂರ ತುಂಡಿಗೆ ಲಂಬ. ನಾನು ಇನ್ನು ಹಾಗೇ ಮಾಡುವುದು. ತೋಟ ಅಳೆಯುವಾಗಲೂ ಅಷ್ಟೇ, ತ್ರಿಕೋನಗಳು ಆದಷ್ಟು ತುಂಬಿಕೊಂಡಿರುವ ಹಾಗೆ ಗೂಟ ಹಾಕಿಕೊಳ್ಳಬೇಕು.

ಒಟ್ಟು 1323.7ಕ್ಕೆ 26.1 ಸೇರಿಸಿದರೆ 1350 ಚದರ ಅಡಿ. ಗುಂಟೆಗೆ 33 ಅಡಿ ಚೌಕ, ಅಂದರೆ 1089. ನಮ್ಮ ಅಂಗಳ ಒಂದೂಕಾಲು ಗುಂಟೆಗೆ ಸ್ವಲ್ಪ ಕಮ್ಮಿ.

ನೀರು ಹರಿಯಲು ಅಂಗಳಕ್ಕೆ ಸ್ವಲ್ಪ ಇಳಿಜಾರು ಇದೆಯಲ್ಲ, ಅದರ ಲೆಕ್ಕ ಬೇಡವೇ ಎಂದು ಮಗಳು ಕೇಳಿದಳು. ಒಳ್ಳೆಯ ಪ್ರಶ್ನೆ. ನಾವು ಟೇಪನ್ನು ನೆಲಕ್ಕೆ ತಾಗಿಸಿಯೇ ಅಳೆದಿದ್ದೇವೆ. ಕಾಂಕ್ರೀಟೂ ಅದೇ ನೆಲದ ಮೇಲೆ ಕೂರುವುದು. ಹಾಗಾಗಿ ಇಲ್ಲಿ ಅದೇ ಸರಿ. ಜಮೀನಿನ ಮೋಜಣಿಗಾದರೆ ಟೇಪನ್ನು ಮಟ್ಟಸವಾಗಿ ಹಿಡಿಯಬೇಕು. ಗುಡ್ಡದ ಓರೆಯನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಮೇಸ್ತ್ರಿ ಮತ್ತೆ ಬಂದರು

ಲೆಕ್ಕ ತೋರಿಸುವ ಮೊದಲು ದಬ್ಬೆಯ ಚೌಕಟ್ಟು ಕೈಗೆ ಕೊಟ್ಟೆ. ಎರಡು ಸಲ ಆ ಕಡೆ ಈ ಕಡೆ ತಳ್ಳಿ ನೋಡಿದರು. "ಪಾಯ ಹಾಕುವಾಗ ನಾವು ಮೂಲೆಯಿಂದ ಮೂಲೆಗೆ ಹಿಡಿಯೋದು ಇದಕ್ಕೇ ಅಲ್ವಾ" ಎಂದರು. ಹೌದು. ಮನೆ ಪಾಯದ ಎರಡು ಕರ್ಣ ಸಮ ಬಂದರೆ ಮಾತ್ರ ಮೂಲೆ ಮಟ್ಟ ಇದೆ ಎಂದು ಅರ್ಥ. ಆ ಕೆಲಸ ಅವರು ನೂರಾರು ಸಲ ಮಾಡಿದ್ದಾರೆ. ನಮ್ಮ ಅಂಗಳದಲ್ಲಿ ಒಂದು ಕರ್ಣ 63 ಅಡಿ, ಇನ್ನೊಂದು 42 ಅಡಿ. ಅಷ್ಟು ವ್ಯತ್ಯಾಸ ಕೇಳಿದ ಕೂಡಲೇ ಅವರಿಗೆ ವಿಷಯ ಹೊಳೆಯಿತು. ಕೂಲಿ 1350ಕ್ಕೇ ಎಂದು ಅವರೇ ಹೇಳಿದರು. ಶೀಟನ್ನು ಅವರ ಮೊಬೈಲಿಗೂ ಕಳಿಸಿದೆವು.

ಮೂರು ಇಂಚು ದಪ್ಪ. 1350ರ ಕಾಲು ಭಾಗ 337½ ಘನ ಅಡಿ. ಒಂದಕ್ಕೆ ಎರಡು ಮರಳು, ನಾಲ್ಕು ಜಲ್ಲಿ. ಈ ಮಿಶ್ರಣದಲ್ಲಿ 100 ಘನ ಅಡಿ ಕಾಂಕ್ರೀಟಿಗೆ ಸುಮಾರು 18 ಚೀಲ ಸಿಮೆಂಟ್ ಹಿಡಿಯುತ್ತದೆ. ನಮಗೆ 60 ಚೀಲದ ಆಸುಪಾಸು. 1447 ಹಿಡಿದಿದ್ದರೆ ನಾಲ್ಕು ಚೀಲಕ್ಕಿಂತ ಜಾಸ್ತಿ ಉಳಿದುಬಿಡುತ್ತಿತ್ತು. ನಮ್ಮ ಕಡೆಯ ಥಂಡಿಯಲ್ಲಿ ಉಳಿದ ಸಿಮೆಂಟ್ ಮುಂದಿನ ಮಳೆಗಾಲಕ್ಕೆ ಕಲ್ಲು. 62 ಚೀಲ ತರಿಸಿದೆ. ನೆಲದ ತಗ್ಗು ತುಂಬಲು ಅಲ್ಲಲ್ಲಿ ಸ್ವಲ್ಪ ಜಾಸ್ತಿ ಹೋಯಿತು. ಕೊನೆಗೆ ಒಂದು ಚೀಲ ಉಳಿಯಿತು. ಅದು ಬಾವಿ ಕಟ್ಟೆಯ ಬಿರುಕಿಗೆ ಆಯಿತು.

ಬಿರುಕು ಬಿಡಬಾರದೆಂದು ಅಂಗಳವನ್ನು ತುಂಡು ತುಂಡು ಮಾಡಿ, ನಡುವೆ ಸಂದು ಬಿಟ್ಟು ಹಾಕಿದರು. ಹತ್ತು ದಿನ ಬೆಳಿಗ್ಗೆ ಸಂಜೆ ನೀರು ಬಿಟ್ಟೆವು. ಸಂದುಗಳ ನಡುವಿನ ತುಂಡುಗಳನ್ನು ಮಗಳು ಒಂದೊಂದಾಗಿ ಅಳೆದು ಕೂಡಿಸಿದಳು. ಅವಳಿಗೆ 1347 ಬಂತು. ಬಿಟ್ಟ ಸಂದುಗಳ ಅಗಲ ಅದರಲ್ಲಿ ಸೇರಿಲ್ಲ.

ಕೊಟ್ಟಿಗೆ ಮೂಲೆಯಲ್ಲಿ ಕಾಂಕ್ರೀಟ್ ಇನ್ನೂ ಹಸಿ ಇದ್ದಾಗ ಅವಳು ಮೊಳೆಯಿಂದ ಒಂದು ಓರೆ ಚೌಕ ಬರೆದಳು. ಒಳಗೆ ಎರಡು ಕರ್ಣ ಎಳೆದು, ಆರು ಗೆರೆಗೂ ಅದರದರ ಅಳತೆ ಬರೆದಳು. ಧರೆಯ 1 ಅಡಿ 2 ಇಂಚಿಗೆ ಜಾಗ ಸಾಲಲಿಲ್ಲ. ಅದನ್ನು ಬಳುಕಿದ ಕಲ್ಲಿನ ಮೇಲೆಯೇ ಕೆಂಪು ಬಣ್ಣದಲ್ಲಿ ಬರೆದಿದ್ದಾಳೆ. ಈಗ ಅದರ ಮುಂದೆ ಮೊದಲ ಕೊಯ್ಲಿನ ಚಾಲಿ ಹರಡಿದೆ.